ಸ್ಕೂಟರ್ ಡಿಕ್ಕಿಯೊಳಗೆ ಬ್ಯುಟನೋಯಿಕ್ ಆಮ್ಲ ಚೆಲ್ಲಿದೆ, ವಾಸನೆ ಹೋಗುತ್ತಿಲ್ಲ, ಏನು ಮಾಡಲಿ?

ನಾಲೆದಂಡೆ, ಮಂಡ್ಯ:
ನನ್ನ ತಮ್ಮನಿಗೆ ಗಾಳದ ಹುಚ್ಚು. ಗೆಂಡೆ ಮೀನಿಗೆ ಹಾಕುವ ಹಿಟ್ಟಿನ ಉಂಡೆಗೆ ಬೆರೆಸಬೇಕು ಅಂತ ಆನ್‌ಲೈನ್‌ನಲ್ಲಿ 100 ಮಿಲಿ ಬಾಟಲಿ ತರಿಸಿದ್ದಾನೆ. ಲೇಬಲ್ ಮೇಲೆ ಬ್ಯುಟಿರಿಕ್ ಆಸಿಡ್ 99% ಅಂತ ಇದೆ, ಬ್ಯುಟನೋಯಿಕ್ ಆಮ್ಲದ್ದೇ ಇನ್ನೊಂದು ಹೆಸರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅರ್ಧ ಬಾಟಲಿ ನನ್ನ ಸ್ಕೂಟರ್ ಡಿಕ್ಕಿಯೊಳಗೆ ಸೋರಿದೆ. ಮಗು ಹಾಲು ಕಕ್ಕಿದ ಬಟ್ಟೆಯನ್ನು ವಾರಗಟ್ಟಲೆ ಮುಚ್ಚಿಟ್ಟು ತೆಗೆದ ಹಾಗಿದೆ ವಾಸನೆ. ಸೋಪು, ಫಿನಾಯಿಲ್, ವಿನೆಗರ್, ಕೊನೆಗೆ ಊದುಬತ್ತಿ ಕೂಡ ಆಯಿತು. ಪೆಟ್ರೋಲ್ ಹಾಕಿಸಲು ಸೀಟ್ ಎತ್ತಿದರೆ ಬಂಕ್ ಹುಡುಗ ಮೂಗು ಮುಚ್ಚಿಕೊಳ್ಳುತ್ತಾನೆ. ಬ್ಲೀಚ್ ಹಾಕು ಅಂತ ಒಬ್ಬರು ಹೇಳಿದರು, ಹಾಕಬಹುದಾ? ಅಮ್ಮನ ಪ್ರಶ್ನೆ ಬೇರೆ: ಇದೇ ಆಸಿಡ್ ತುಪ್ಪದಲ್ಲೂ ಇದೆಯಂತಲ್ಲ, ಮತ್ತೆ ಬಾಟಲಿ ಮೇಲೆ ಯಾಕೆ ಸುಡುವ ಚಿತ್ರ ಹಾಕಿದ್ದಾರೆ ಅಂತ.

ಬ್ಯುರೆಟ್ ಮೇಷ್ಟ್ರು, ಮೈಸೂರು:
ಬ್ಲೀಚ್ ಮಾತ್ರ ಬೇಡ. ಬ್ಲೀಚ್‌ಗೆ ಯಾವ ಆಮ್ಲ ಸೇರಿದರೂ ಕ್ಲೋರಿನ್ ಅನಿಲ ಬರುತ್ತದೆ, ಡಿಕ್ಕಿಯೊಳಗೆ ತಲೆ ಹಾಕಿಕೊಂಡು ಉಜ್ಜುವವರಿಗೆ ಅದು ಈ ವಾಸನೆಗಿಂತ ಎಷ್ಟೋ ಕೆಟ್ಟದ್ದು. ವಿನೆಗರ್ ಕೂಡ ಆಮ್ಲವೇ, ಅದರಿಂದ ಏನೂ ಆಗುವುದಿಲ್ಲ.

ಬೇಕಾದದ್ದು ಅಡುಗೆ ಸೋಡಾ. ಆಮ್ಲ ಸೋಡಾ ಜೊತೆ ಸೇರಿ ಸೋಡಿಯಂ ಬ್ಯುಟಿರೇಟ್ ಎಂಬ ಲವಣ ಆಗುತ್ತದೆ. ಲವಣ ಗಾಳಿಗೆ ಹಾರುವುದಿಲ್ಲ, ಆದ್ದರಿಂದ ಮೂಗಿಗೂ ಬರುವುದಿಲ್ಲ. ಜನ ಒಂದು ಚಮಚ ಚಿಮುಕಿಸಿ, ಬುರುಗು ಬಂತು, ಕೆಲಸ ಆಯಿತು ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ: 88 ಗ್ರಾಂ ಆಮ್ಲಕ್ಕೆ 84 ಗ್ರಾಂ ಸೋಡಾ ಬೇಕು, ಅಂದರೆ ಹೆಚ್ಚು ಕಡಿಮೆ ಸಮ ತೂಕ. ನಿಮಗೆ ಸೋರಿರುವುದು 50 ಮಿಲಿ, ಅದು ಸುಮಾರು 48 ಗ್ರಾಂ. 100 ಗ್ರಾಂ ಸೋಡಾ ಧಾರಾಳವಾಗಿ ಸುರಿದು, ನೀರು ಹಾಕಿ ಗೊಜ್ಜಿನಂತೆ ಮಾಡಿ ಮೂಲೆಗಳಿಗೆಲ್ಲ ಮೆತ್ತಿ, ರಾತ್ರಿಯೆಲ್ಲ ಬಿಡಿ. ಆಮೇಲೆ ಜಾಸ್ತಿ ನೀರಲ್ಲಿ ತೊಳೆಯಿರಿ. ಬಟ್ಟೆ, ಫೋಮ್, ಮ್ಯಾಟ್ ಹೀರಿಕೊಂಡಿದ್ದರೆ ಎಸೆಯುವುದೇ ವಾಸಿ. ತೊಳೆದ ಮೇಲೆ ಮತ್ತೆ ವಿನೆಗರ್ ಹಾಕಬೇಡಿ, ಉಳಿದ ಲವಣ ಮತ್ತೆ ಆಮ್ಲವಾಗಿ ವಾಸನೆ ವಾಪಸ್ ಬರುತ್ತದೆ.

ಅಪಾಯದ ವಿಷಯ. ಇದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಶಾಶ್ವತ ಹಾನಿ ಆಗಬಹುದು. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಲ್ಲಿ ಕೆಲಸ ಮಾಡಿ. ಮೈಗೆ ಬಿದ್ದರೆ ಸೋಡಾ ಉಜ್ಜಬೇಡಿ, ಕಾಲು ಗಂಟೆ ಹರಿಯುವ ನೀರು ಬಿಡಿ. ಕಣ್ಣಾದರೆ ಅದೇ ರೀತಿ ತೊಳೆದು ಸೀದಾ ಡಾಕ್ಟರ್ ಹತ್ತಿರ ಹೋಗಿ. ಪೆಟ್ರೋಲ್ ಹಾಗೆ ತಕ್ಷಣ ಹತ್ತಿಕೊಳ್ಳುವುದಿಲ್ಲ, ಆವಿಗೆ ಬೆಂಕಿ ತಾಗಲು ಸುಮಾರು 72 ಡಿಗ್ರಿ ಬೇಕು. ಆದರೂ ಊದುಬತ್ತಿ ನಿಲ್ಲಿಸಿ ಸ್ವಾಮಿ, ಪೆಟ್ರೋಲ್ ಟ್ಯಾಂಕ್ ಅಲ್ಲೇ ಪಕ್ಕದಲ್ಲಿದೆ ಅಲ್ವಾ!

ಕೆನೆಮೊಸರು, ಮದ್ದೂರು:
ತುಪ್ಪದ ಪ್ರಶ್ನೆಗೆ ನಾನು ಹೇಳುತ್ತೇನೆ, ಹಾಲಿನ ಲ್ಯಾಬ್‌ನಲ್ಲಿ ಕೆಲಸ. ಅಮ್ಮ ಹೇಳಿದ್ದು ನಿಜ. ಹಾಲಿನ ಕೊಬ್ಬಿನಲ್ಲಿ ತೂಕದ ಲೆಕ್ಕದಲ್ಲಿ 3ರಿಂದ 4% ಬ್ಯುಟಿರಿಕ್ ಆಮ್ಲವೇ. ಆದರೆ ಅದು ಬಿಡಿಯಾಗಿಲ್ಲ, ಕೊಬ್ಬಿನ ಬೆನ್ನೆಲುಬಿನಂತಿರುವ ಗ್ಲಿಸರಾಲ್‌ಗೆ ಕಟ್ಟಿಕೊಂಡಿದೆ. ಕಟ್ಟಿಕೊಂಡಿರುವಾಗ ವಾಸನೆಯೂ ಇಲ್ಲ, ಸುಡುವುದೂ ಇಲ್ಲ. ಬೆಣ್ಣೆಯನ್ನು ಕಾಯಿಸದೆ ಬಹಳ ದಿನ ಇಟ್ಟರೆ ಲೈಪೇಸ್ ಎಂಬ ಕಿಣ್ವ ಆ ಕಟ್ಟು ಬಿಚ್ಚುತ್ತದೆ, ಆಗ ಹಳೇ ಬೆಣ್ಣೆಯ ಕಮಟು ಶುರುವಾಗುತ್ತದೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಷೆವ್ರೂಲ್ 1810ರ ದಶಕದಲ್ಲಿ ಇದನ್ನು ಕಂಡುಹಿಡಿದದ್ದೂ ಬೆಣ್ಣೆಯಿಂದಲೇ.

ನಮಗಂತೂ ಈ ಆಮ್ಲ ಅನ್ನ ಹಾಕುತ್ತಿದೆ. ತುಪ್ಪದ ಆರ್‌ಎಂ ಮೌಲ್ಯ ಅಂತ ಕೇಳಿರಬಹುದು. 5 ಗ್ರಾಂ ಕೊಬ್ಬನ್ನು ಒಡೆದು, ಆವಿಯಾಗಿ ಬರುವ, ನೀರಲ್ಲಿ ಕರಗುವ ಆಮ್ಲಗಳನ್ನು ಅಳೆಯುವ ಪರೀಕ್ಷೆ ಅದು. ಅದರಲ್ಲಿ ಬಹುಪಾಲು ಇದೇ ಆಮ್ಲ. ಅಗ್‌ಮಾರ್ಕ್ ತುಪ್ಪಕ್ಕೆ ಸಾಮಾನ್ಯವಾಗಿ ಕನಿಷ್ಠ 28 ಬರಬೇಕು. ತೆಂಗಿನೆಣ್ಣೆಗೆ ಬರುವುದು 6ರಿಂದ 8, ವನಸ್ಪತಿಗೆ ಅದೂ ಇಲ್ಲ. ಕಲಬೆರಕೆ ಸಿಕ್ಕಿಬೀಳುವ ದಾರಿಗಳಲ್ಲಿ ಇದೂ ಒಂದು. ಆದರೆ ಒಂದೇ ಸಂಖ್ಯೆ ನೋಡಿ ತುಪ್ಪ ಶುದ್ಧ ಅನ್ನಬಾರದು, ಬ್ಯುಟಿರಿಕ್ ಇರುವ ಕೊಬ್ಬು ಬೆರೆಸಿ ಮೋಸ ಮಾಡುವವರೂ ಇರುತ್ತಾರೆ.

ಇನ್ನೊಂದು, ಅಮ್ಮನಿಗೆ ಹೇಳಿ: ರಾಗಿ ಮುದ್ದೆ, ಸೊಪ್ಪಿನ ನಾರನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಸಿ ಬ್ಯುಟಿರೇಟ್ ಮಾಡುತ್ತವೆ, ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಅದೇ.

ಗ್ಯಾರೇಜ್ ಮಾಮ:
ಸುಮ್ನೆ ಕೇಳುತ್ತೇನೆ, ಅಡುಗೆ ಸೋಡಾ ಬದಲು ಸುಣ್ಣ ಆಗಲ್ವಾ? ಮನೇಲಿ ಮೂಟೆ ಇದೆ. ಮತ್ತೆ ನನ್ನ ಹಳೇ ಸ್ಕ್ರೂಡ್ರೈವರ್ ಡಬ್ಬಿ ತೆಗೆದರೂ ಇದೇ ವಾಸನೆ, ಅದ್ಯಾಕೆ?

ಬ್ಯುರೆಟ್ ಮೇಷ್ಟ್ರು, ಮೈಸೂರು:
ಸುಣ್ಣ ಆಗುತ್ತದೆ, ಆದರೆ ಅದು ಕಣ್ಣಿಗೂ ಅಲ್ಯೂಮಿನಿಯಂಗೂ ಕೆಟ್ಟದ್ದು, ಸ್ಕೂಟರ್‌ಗೆ ಬೇಡ. ತಮಾಷೆ ಏನೆಂದರೆ ಸುಣ್ಣದಿಂದ ಆಗುವ ಕ್ಯಾಲ್ಸಿಯಂ ಬ್ಯುಟಿರೇಟ್ ಬಿಸಿನೀರಿಗಿಂತ ತಣ್ಣೀರಲ್ಲೇ ಚೆನ್ನಾಗಿ ಕರಗುತ್ತದೆ. ಸ್ಕ್ರೂಡ್ರೈವರ್ ಹಿಡಿ ಪಾರದರ್ಶಕ ಹಳದಿ ಅಥವಾ ಕೆಂಪು ಆಗಿದ್ದರೆ ಅದು ಸೆಲ್ಯುಲೋಸ್ ಅಸಿಟೇಟ್ ಬ್ಯುಟಿರೇಟ್ ಇರಬಹುದು. ಆ ಪ್ಲಾಸ್ಟಿಕ್ ಹಳೆಯದಾದಂತೆ ಚೂರುಚೂರೇ ಆಮ್ಲ ಬಿಡುತ್ತದೆ, ಮುಚ್ಚಿದ ಡಬ್ಬಿಯಲ್ಲಿ ತುಂಬಿಕೊಳ್ಳುತ್ತದೆ.

ಗಾಳಗಾರ, ಶ್ರೀರಂಗಪಟ್ಟಣ:
ತಮ್ಮನಿಗೆ ಒಂದು ಮಾತು. ಗೆಂಡೆಗೆ ಈ ವಾಸನೆ ಹಿಡಿಸುತ್ತದೆ, ಸುಳ್ಳಲ್ಲ, ಆದರೆ ಒಂದು ಕಿಲೋ ಹಿಟ್ಟಿಗೆ ಕೆಲವೇ ಹನಿ ಸಾಕು. 99% ಬಾಟಲಿ ನಾಲೆ ಏರಿ ಮೇಲೆ ತೆಗೆದುಕೊಂಡು ಹೋಗುವುದು ಹುಚ್ಚುತನ. ನಾನು ಬಳಸುವುದು ಇದರ ಎಸ್ಟರ್, ಅಂದರೆ ಈ ಆಮ್ಲ ಆಲ್ಕೋಹಾಲ್ ಜೊತೆ ಸೇರಿ ಆಗುವ ಈಥೈಲ್ ಬ್ಯುಟಿರೇಟ್. ಅನಾನಸ್ ವಾಸನೆ, ಐಸ್‌ಕ್ಯಾಂಡಿ ಫ್ಲೇವರ್‌ಗಳಲ್ಲೂ ಇರುತ್ತದೆ, ಮನೆಯವರು ಬೈಯುವುದಿಲ್ಲ. ಅದು ಮಾತ್ರ ಬೇಗ ಹತ್ತಿಕೊಳ್ಳುತ್ತದೆ, 25 ಡಿಗ್ರಿ ಆಸುಪಾಸಿನಲ್ಲೇ ಆವಿಗೆ ಕಿಡಿ ತಾಗಬಹುದು, ಬೀಡಿ ಸೇದುತ್ತಾ ಬೆರೆಸಬೇಡಿ. ಉಳಿದ ಅರ್ಧ ಬಾಟಲಿಯನ್ನು ಗಾಜಿನ ಬಾಟಲಿಗೆ ಬಗ್ಗಿಸಿ, ಟೆಫ್ಲಾನ್ ಮುಚ್ಚಳ ಹಾಕಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬೇಡವಾದರೆ ಯಾವುದಾದರೂ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನವರನ್ನು ಕೇಳಿ ಕೊಟ್ಟುಬಿಡಿ, ನಾಲೆಗೆ ಮಾತ್ರ ಸುರಿಯಬೇಡಿ.