ಕಿಡ್ನಿ ಕಸಿ ಆದಮೇಲೆ ತೂಕ ಏರ್ತಿದೆ: ವಂಶದ ಗುಣವೋ, ಮಾತ್ರೆಯ ಗುಣವೋ?

ತಂಗಿ, ದಾವಣಗೆರೆ:

ನಮ್ಮಣ್ಣನಿಗೆ 34 ವರ್ಷ. ಬೆಂಗಳೂರಲ್ಲಿ ಕಿಡ್ನಿ ಕಸಿ ಆಗಿ ಐದು ತಿಂಗಳು ತುಂಬಿತು. ಕಿಡ್ನಿ ಕೊಟ್ಟಿದ್ದು ಅಮ್ಮ. ಡಯಾಲಿಸಿಸ್ ಮಾಡಿಸ್ತಿದ್ದಾಗ 56 ಕೆಜಿ ಇದ್ದ, ಈಗ 64. ಎತ್ತರ 165 ಸೆಂಮೀ. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸೋ ಕ್ರಿಯಾಟಿನಿನ್ 1.2ರ ಆಸುಪಾಸು ನಿಂತಿದೆ. ಮುಖ ಗುಂಡಗಾಗಿದೆ, ಹಸಿವು ತಡೆಯೋಕಾಗಲ್ಲ ಅಂತಾನೆ. ಅಪ್ಪ, ದೊಡ್ಡಪ್ಪ ಇಬ್ಬರೂ ದಪ್ಪ, ಇಬ್ಬರಿಗೂ ಶುಗರ್ ಇದೆ. ಮನೆಗೆ ಬಂದವರೆಲ್ಲ "ಅಮ್ಮನ ಕಿಡ್ನಿ ಅಲ್ವಾ, ಅಮ್ಮನ ಮೈಯೇ ಬಂತು" ಅಂತಾರೆ. ಇನ್ನೊಬ್ಬರು ಜೀನ್ ಟೆಸ್ಟ್ ಮಾಡಿಸಿ ಅಂತಿದ್ದಾರೆ. ಮಾಡಿಸಿದ್ರೆ ಉಪಯೋಗ ಇದೆಯಾ? ಸ್ಟಿರಾಯ್ಡ್ ಮಾತ್ರೆ ಕಡಿಮೆ ಮಾಡಿದ್ರೆ ತೂಕ ಇಳಿಯುತ್ತಾ? ತಿಳಿದವರು ಬಿಡಿಸಿ ಹೇಳಿ.

ಕಸಿ ಸಂಯೋಜಕಿ, ದಾವಣಗೆರೆ:

ಕೊನೇ ಪ್ರಶ್ನೆಗೆ ಮೊದಲು ಉತ್ತರ, ಯಾಕಂದ್ರೆ ಅದು ಅಪಾಯದ್ದು. ಸ್ಟಿರಾಯ್ಡ್‌ಗೆ ನೀವಾಗಿ ಕೈ ಹಚ್ಚಬೇಡಿ. ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ಅನ್ನೋ ಈ ಸ್ಟಿರಾಯ್ಡ್ ತಗೊಂಡ ಮೈಯಲ್ಲಿ, ದೇಹದ್ದೇ ಸ್ಟಿರಾಯ್ಡ್ ತಯಾರಿಸೋ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಕೂತಿರುತ್ತೆ. ಮಾತ್ರೆ ಥಟ್ಟನೆ ಬಿಟ್ಟರೆ ಬಿಪಿ ಕುಸಿದು, ವಾಂತಿಯಾಗಿ ಆಸ್ಪತ್ರೆ ಸೇರಬೇಕಾಗುತ್ತೆ. ಜೊತೆಗೆ ದೇಹ ಕಿಡ್ನಿಯನ್ನ ತಿರಸ್ಕರಿಸೋ ಭಯ. ಸಾಮಾನ್ಯವಾಗಿ ದಿನಕ್ಕೆ 20 ಮಿಗ್ರಾಂ ಸುಮಾರಿನಿಂದ ಶುರುವಾಗಿ ಕೆಲವು ತಿಂಗಳಲ್ಲಿ 5 ಮಿಗ್ರಾಂಗೆ ಇಳಿಸ್ತಾರೆ. ಈಗ ಎಷ್ಟಿದೆ, ಮುಂದೆ ಇಳಿಸ್ತಾರಾ ಅಂತ ಮುಂದಿನ ಭೇಟಿಯಲ್ಲಿ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಅವರನ್ನೇ ಕೇಳಿ. ಡೋಸ್ ಇಳಿದ ಹಾಗೆ ಮುಖದ ಊತವೂ ಇಳಿಯುತ್ತೆ. ಹೊಟ್ಟೆಯ ಕೊಬ್ಬು ಮಾತ್ರ ತಾನಾಗಿ ಹೋಗಲ್ಲ.

ಇನ್ನೊಂದು, 56 ಕೆಜಿಯನ್ನ ಅವರ ನಿಜವಾದ ತೂಕ ಅಂದ್ಕೋಬೇಡಿ. ರಕ್ತದಲ್ಲಿ ಯೂರಿಯಾ ಏರಿ, ಬಾಯಿ ರುಚಿ ಸತ್ತು, ಪಥ್ಯ ಮಾಡಿ ಸೊರಗಿದ್ದ ದೇಹದ ತೂಕ ಅದು. ಮೊದಲ 2–3 ಕೆಜಿ ಬಂದದ್ದು ಒಳ್ಳೇದೇ. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಅಳತೆ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. 165 ಸೆಂಮೀ ಎತ್ತರಕ್ಕೆ 62.5 ಕೆಜಿ ಅಂದರೆ 23, 68 ಅಂದರೆ 25. ನಿಮ್ಮಣ್ಣ ಮೊದಲ ಗೆರೆ ಈಗಷ್ಟೇ ದಾಟಿದ್ದಾರೆ. ಕಸಿಯ ಮೊದಲ ವರ್ಷ 5ರಿಂದ 10 ಕೆಜಿ ಏರೋದು ತೀರಾ ಸಾಮಾನ್ಯ, ಹಿಡಿಯಬೇಕಾದ ಕಾಲವೂ ಇದೇ.

ಏರಿದ್ದು ನೀರೋ ಕೊಬ್ಬೋ ಅನ್ನೋದು ಗೊತ್ತಾಗಬೇಕು. ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದಮೇಲೆ, ತಿಂಡಿಗೆ ಮುಂಚೆ, ಅದೇ ತೂಕದ ಯಂತ್ರ, ಅದೇ ತರದ ಬಟ್ಟೆ, ಗಟ್ಟಿ ನೆಲ. ದಿನಾ ಬರೆದಿಡಿ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ಹಾಗಾಗಿ ಎರಡು ದಿನದಲ್ಲಿ 2 ಕೆಜಿ ಏರಿದರೆ ಅದು ಊಟದ್ದಲ್ಲ, ನೀರು. ಕಾಲಿನ ಗಿಣ್ಣಿನ ಹತ್ತಿರ ಬೆರಳೊತ್ತಿದರೆ ಗುಳಿ ಬಿದ್ದು ನಿಲ್ಲುತ್ತಾ, ಮೂತ್ರ ಕಡಿಮೆ ಆಯ್ತಾ, ಬಿಪಿ ಏರಿತಾ ನೋಡಿ. ಹಾಗಿದ್ದರೆ ಅವತ್ತೇ ಫೋನ್ ಮಾಡಿ, ಮುಂದಿನ ಭೇಟಿವರೆಗೆ ಕಾಯಬೇಡಿ. ವಾರಕ್ಕೆ 300–500 ಗ್ರಾಂ ತಣ್ಣಗೆ ಏರುತ್ತಾ ಇದ್ದರೆ ಅದು ಕೊಬ್ಬು.

ಜೀವರಸಾಯನಶಾಸ್ತ್ರದ ಮೇಷ್ಟ್ರು, ಚಿತ್ರದುರ್ಗ:

ಅಮ್ಮನ ಮೈ ಬಂತು ಅನ್ನೋ ಮಾತಿಗೆ ಬರ್ತೀನಿ. ಕಸಿ ಮಾಡಿದ ಕಿಡ್ನಿಯ ಕೋಶಗಳಲ್ಲಿ ಅಮ್ಮನ ಡಿಎನ್‌ಎ ಇರೋದು ನಿಜ. ಆದರೆ ಅದು ಅಲ್ಲೇ ಇರುತ್ತೆ. ಹಸಿವು ಅಣ್ಣನ ಮಿದುಳಿನದ್ದು, ಕೊಬ್ಬು ತುಂಬಿಕೊಳ್ಳೋದು ಅಣ್ಣನದೇ ಕೋಶಗಳಲ್ಲಿ. ಅಮ್ಮನ ಅರ್ಧದಷ್ಟು ಜೀನು ಹುಟ್ಟುವಾಗಲೇ ಬಂದಿದೆಯಲ್ಲ, ಕಿಡ್ನಿ ದಾರಿಯಲ್ಲಿ ಬರಬೇಕಾಗಿಲ್ಲ! ಲಿವರ್ ಕಸಿಯಲ್ಲಾದರೆ ಕಥೆ ಸ್ವಲ್ಪ ಬೇರೆ. ಪಿಎನ್‌ಪಿಎಲ್‌ಎ3 ಅನ್ನೋ ಜೀನಿನ ಒಂದು ರೂಪ ಕೊಟ್ಟವರಲ್ಲಿದ್ದರೆ ಆ ಹೊಸ ಲಿವರ್‌ನಲ್ಲಿ ಕೊಬ್ಬು ಕೂರುವ ಸಂಭವ ಹೆಚ್ಚು. ಅಲ್ಲೂ ಅದು ಲಿವರ್‌ನ ಕೊಬ್ಬಿನ ಮಾತು, ಮೈ ತೂಕದ್ದಲ್ಲ.

ಹಾಗಂತ ವಂಶದ ಪಾತ್ರ ಇಲ್ಲ ಅಂತಲ್ಲ. ಒಂದೇ ಊರಿನ ಇಬ್ಬರು ಒಂದೇ ಡೋಸ್ ನುಂಗಿ, ಒಬ್ಬರು 2 ಕೆಜಿ ಏರಿ ಇನ್ನೊಬ್ಬರು 12 ಏರಬಹುದು. ಅವಳಿಗಳ ಅಧ್ಯಯನಗಳ ಪ್ರಕಾರ ಬಿಎಂಐ ವ್ಯತ್ಯಾಸದ 40ರಿಂದ 70 ಶೇಕಡಾ ಅನುವಂಶೀಯ. ತೂಕಕ್ಕೆ ನಂಟಿರುವ ಜೀನುಗಳಲ್ಲಿ 2007ರಲ್ಲಿ ಗುರುತಾದ ಎಫ್‌ಟಿಒ ಹೆಸರುವಾಸಿ. ಅದರ ತೂಕ ಏರಿಸೋ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದವರು ಸರಾಸರಿ 3 ಕೆಜಿ ಹೆಚ್ಚು ತೂಗ್ತಾರೆ, ಅಷ್ಟೇ. 2018ರ ಹೊತ್ತಿಗೆ ಬಿಎಂಐ ಜೊತೆ ನಂಟಿರುವ ಡಿಎನ್‌ಎ ಜಾಗಗಳು ಒಂಬೈನೂರಕ್ಕಿಂತ ಹೆಚ್ಚು ಸಿಕ್ಕಿದವು. ಎಲ್ಲವನ್ನೂ ಕೂಡಿಸಿದರೂ ವಿವರಣೆ ಸಿಕ್ಕಿದ್ದು ಬಿಎಂಐ ವ್ಯತ್ಯಾಸದ ಸುಮಾರು 6 ಶೇಕಡಾಕ್ಕೆ ಮಾತ್ರ.

ಈ ಜೀನುಗಳು ಕೆಲಸ ಮಾಡೋದು ಬಹುಪಾಲು ಹಸಿವಿನ ಮೂಲಕ. ಹೊಟ್ಟೆ ತುಂಬಿತು ಅನ್ನೋ ಸೂಚನೆ ತಡವಾಗುತ್ತೆ, ಎಣ್ಣೆ ಬೆಣ್ಣೆಯ ಆಸೆ ಹೆಚ್ಚಿರುತ್ತೆ. ಪ್ರೆಡ್ನಿಸೋಲೋನ್ ತಳ್ಳೋದೂ ಅದೇ ದಿಕ್ಕಿಗೆ. ಇಳಿಜಾರಲ್ಲಿ ನಿಂತ ಗಾಡಿಯನ್ನ ಹಿಂದಿನಿಂದ ನೂಕಿದ ಹಾಗೆ. ಅಮೆರಿಕದ ಮೆಂಫಿಸ್‌ನಲ್ಲಿ ಕಿಡ್ನಿ ಕಸಿಯ 26 ಜನರ ಹೊಟ್ಟೆ ಚರ್ಮದಡಿಯ ಕೊಬ್ಬಿನ ಚೂರನ್ನ ಆಪರೇಷನ್ ದಿನವೇ ತೆಗೆದು ನೋಡಿದ ಅಧ್ಯಯನ 2013ರಲ್ಲಿ ಬಂತು. ಆ ಕೊಬ್ಬಿನಲ್ಲಿ ಯಾವ ಜೀನು ಎಷ್ಟು ಚುರುಕಾಗಿತ್ತು ಅನ್ನೋದಕ್ಕೂ ಆಮೇಲಿನ ತೂಕಕ್ಕೂ ನಂಟು ಕಂಡಿತು. 26 ಜನ ಅಂದರೆ ಸಣ್ಣ ಸಂಖ್ಯೆ, ಇದರ ಮೇಲೆ ಯಾರಾದರೂ ಟೆಸ್ಟ್ ಮಾರಿದರೆ ನಂಬಬೇಡಿ.

ಜೀನ್ ಟೆಸ್ಟ್‌ಗೆ ನನ್ನ ಉತ್ತರ: ಬೇಡ. ವರದಿಯಲ್ಲಿ "ಅಪಾಯ ಹೆಚ್ಚು" ಅಂತ ಬಂದರೂ "ಕಡಿಮೆ" ಅಂತ ಬಂದರೂ ಮಾಡಬೇಕಾದ್ದು ಒಂದೇ. ಅಪ್ಪ, ದೊಡ್ಡಪ್ಪ ಇಬ್ಬರಿಗೂ ಶುಗರ್ ಅನ್ನೋದೇ ದುಡ್ಡಿಲ್ಲದೆ ಸಿಕ್ಕ ವರದಿ. ಕಸಿಯವರಿಗೆ ಉಪಯೋಗಕ್ಕೆ ಬರೋದು ಸಿವೈಪಿ3ಎ5 ಅನ್ನೋ ಜೀನಿನ ಟೆಸ್ಟ್. ಅದು ಚುರುಕಾಗಿರುವವರಿಗೆ ಟ್ಯಾಕ್ರೋಲಿಮಸ್ (ದೇಹ ಕಿಡ್ನಿಯನ್ನ ತಿರಸ್ಕರಿಸದ ಹಾಗೆ ಕೊಡೋ ಮಾತ್ರೆ) ಒಂದೂವರೆಯಿಂದ ಎರಡು ಪಟ್ಟು ಬೇಕಾಗುತ್ತೆ. ಐದು ತಿಂಗಳಾಗಿ ರಕ್ತದಲ್ಲಿ ಅದರ ಮಟ್ಟ ನೋಡಿ ಡೋಸ್ ಹೊಂದಿಸಿ ಆಗಿದೆ, ಈಗ ಅದೂ ಬೇಡ.

ನಡಿಗೆ ಬಗ್ಗೆ ಒಂದು ಮಾತು. ಚಟುವಟಿಕೆ ಇರುವವರಲ್ಲಿ ಎಫ್‌ಟಿಒ ಪ್ರಭಾವ ಸುಮಾರು 30 ಶೇಕಡಾ ಕಡಿಮೆ ಇರುತ್ತೆ ಅಂತ 2011ರಲ್ಲಿ ತೋರಿಸಿದ್ದಾರೆ. ಕುಂದುವಾಡ ಕೆರೆ ದಂಡೆಯಲ್ಲಿ ಬೆಳಗ್ಗೆ 30 ನಿಮಿಷ, ವಾರಕ್ಕೆ ಐದು ದಿನ ಸಾಕು. ಜನ ಜಾಸ್ತಿ ಇದ್ದರೆ ಮಾಸ್ಕ್ ಇರಲಿ. ಏಪ್ರಿಲ್–ಮೇನಲ್ಲಿ ಏಳು ಗಂಟೆಯೊಳಗೆ ಮುಗಿಸಿ.

ಆಹಾರ ತಜ್ಞೆ, ದಾವಣಗೆರೆ:

ನಾನು ನಮ್ಮೂರ ತಟ್ಟೆಗೇ ಬರ್ತೀನಿ. ಡಯಾಲಿಸಿಸ್ ಪಥ್ಯ ಬಿಟ್ಟ ಖುಷಿಗೆ ಮನೆಯವರೇ ಬಡಿಸಿ ಬಡಿಸಿ ಏರಿಸಿರ್ತಾರೆ, ಅದನ್ನ ಮೊದಲು ನಿಲ್ಲಿಸಿ.

ಮುದ್ದೆ ತಿಂದರೆ ದಪ್ಪ ಆಗಲ್ಲ ಅಂತ ಎರಡೆರಡು ಇಡ್ತಾರೆ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ ಅಂದರೆ 320 ಕ್ಯಾಲರಿ, ಅಕ್ಕಿಗಿಂತ ಬಹಳ ಕಡಿಮೆ ಏನಲ್ಲ. ಲಾಭ ನಾರಿನದ್ದು. ಮಧ್ಯಾಹ್ನಕ್ಕೆ ಒಂದು, ರಾತ್ರಿಗೆ 40 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಎರಡು, ಮೇಲೆ ಬೆಣ್ಣೆ ಬೇಡ. ಶೇಂಗಾ ಚಟ್ನಿಪುಡಿ ಒಂದು ಚಮಚ ಸಾಕು, 100 ಗ್ರಾಂ ಶೇಂಗಾದಲ್ಲಿ 560ಕ್ಕೂ ಹೆಚ್ಚು ಕ್ಯಾಲರಿ ಇದೆ. ಒಗ್ಗರಣೆ ಎಣ್ಣೆ ಅಳೆಯಿರಿ: ದಿನಕ್ಕೆ 3 ಟೀ ಚಮಚ, ಅಂದರೆ 15 ಮಿಲೀ. ಬಾಟಲಿಯಿಂದ ಸುರಿಯೋ ಕೈ ಅಳತೆಗೆ ನಿಲ್ಲಲ್ಲ.

ಪ್ರೋಟೀನ್ ಕಡಿತ ಮಾಡಬೇಡಿ. ಸ್ಟಿರಾಯ್ಡ್ ಮಾಂಸಖಂಡ ಕರಗಿಸುತ್ತೆ. ಬೇರೆ ಸೂಚನೆ ಇಲ್ಲದಿದ್ದರೆ ಈ ಹಂತಕ್ಕೆ ಕೆಜಿ ತೂಕಕ್ಕೆ 1 ಗ್ರಾಂ ಹತ್ತಿರ. ಚೆನ್ನಾಗಿ ಬೇಯಿಸಿದ ಎರಡು ಮೊಟ್ಟೆ 12 ಗ್ರಾಂ, 30 ಗ್ರಾಂ ತೊಗರಿಬೇಳೆ 6–7 ಗ್ರಾಂ, ಒಂದು ಬಟ್ಟಲು ಮೊಸರು 6 ಗ್ರಾಂ. ಸೋಂಕಿನ ಭಯ ಇರೋದ್ರಿಂದ ಮೊಳಕೆಕಾಳು ಹಸಿಯಾಗಿ ಬೇಡ, ಬೇಯಿಸಿ ಉಸುಳಿ ಮಾಡಿ. ಸಂಜೆ ಹಸಿವು ರೇಗಿದಾಗ ಒಂದು ಬಟ್ಟಲು ಕಡಲೆ ಉಸುಳಿ ಅಥವಾ ಉಪ್ಪಿಲ್ಲದ ಮಜ್ಜಿಗೆ ಎದುರಿಗೆ ಸಿದ್ಧ ಇರಬೇಕು. ಇಲ್ಲದಿದ್ದರೆ ಕೈ ಬಿಸ್ಕತ್ ಡಬ್ಬಿಗೇ ಹೋಗೋದು. ಎಳನೀರು, ಬಾಳೆಹಣ್ಣು ಪೊಟ್ಯಾಸಿಯಂ ವರದಿ ನೋಡಿಯೇ ಕೊಡಿ, ಟ್ಯಾಕ್ರೋಲಿಮಸ್ ಅದನ್ನ ಏರಿಸುತ್ತೆ.

ಶುಗರ್ ಪರೀಕ್ಷೆಯಲ್ಲಿ ಬಹಳ ಜನ ಏಮಾರೋದು ಇಲ್ಲಿ: ಬೆಳಗ್ಗೆ ನುಂಗಿದ ಸ್ಟಿರಾಯ್ಡ್ ಮಧ್ಯಾಹ್ನ, ಸಂಜೆ ಸಕ್ಕರೆ ಏರಿಸುತ್ತೆ. ಖಾಲಿ ಹೊಟ್ಟೆಯದ್ದು 95 ಬಂದರೂ ಸಂಜೆ 220 ಇರಬಹುದು. ವಾರಕ್ಕೆ ಎರಡು ಸಲ ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಗ್ಲುಕೋಮೀಟರ್ ಹಾಕಿ ಬರೆದಿಡಿ. ನಿಮ್ಮ ವಂಶಕ್ಕೆ ಇದು ತೂಕಕ್ಕಿಂತ ಮುಖ್ಯ.

ಫಾರ್ಮಸಿಸ್ಟ್, ಚಿತ್ರದುರ್ಗ:

ಮೇಲಿನವರು ಬಿಟ್ಟಿದ್ದನ್ನಷ್ಟೇ ಸೇರಿಸ್ತೀನಿ. ತೂಕ ಇಳಿಸೋ ಪೌಡರ್, ಕಷಾಯ, ಅಮೃತಬಳ್ಳಿ ಯಾವುದೂ ಬೇಡ. ಅಮೃತಬಳ್ಳಿಯನ್ನ ರೋಗನಿರೋಧಕ ಶಕ್ತಿ ಹೆಚ್ಚಲಿ ಅಂತ ಕುಡಿತಾರೆ, ಇಲ್ಲಿ ಅದೇ ಶಕ್ತಿಯನ್ನ ಮಾತ್ರೆ ಹಾಕಿ ತಗ್ಗಿಸಿರೋದು. ಆರ್ಲಿಸ್ಟಾಟ್ ಅನ್ನೋ ತೂಕ ಇಳಿಸೋ ಮಾತ್ರೆ ಕೊಬ್ಬನ್ನ ಹೀರೋಕೆ ಬಿಡಲ್ಲ, ಜೊತೆಗೆ ಕಸಿಯವರಿಗೆ ಕೊಡೋ ಸೈಕ್ಲೋಸ್ಪೋರಿನ್‌ನಂಥ ಔಷಧಿಯನ್ನೂ ಕಳೆಯುತ್ತೆ. ಹಸಿವು ತಗ್ಗಿಸೋ ಸೆಮಾಗ್ಲುಟೈಡ್ ಚುಚ್ಚುಮದ್ದು ಕಸಿಯವರಿಗೂ ಕೊಡ್ತಾರೆ, ಆದರೆ ನೆಫ್ರಾಲಜಿಸ್ಟ್ ಬರೆದರೆ ಮಾತ್ರ. ಅದರಿಂದ ವಾಂತಿ ಆಗಿ ಮೈಯಲ್ಲಿ ನೀರು ಕಡಿಮೆಯಾದರೆ ಕ್ರಿಯಾಟಿನಿನ್ ಏರುತ್ತೆ. ಪಥ್ಯದ ಹೆಸರಲ್ಲಿ ಚಕ್ಕೋತ ಹಣ್ಣು ತರಬೇಡಿ, ಟ್ಯಾಕ್ರೋಲಿಮಸ್ ಮಟ್ಟ ಏರಿಸಿಬಿಡುತ್ತೆ. ನಡೆದು ಮಂಡಿ ನೋವು ಬಂದರೆ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬೇಡ, ಎರಡೂ ಕಿಡ್ನಿಗೆ ಪೆಟ್ಟು. ಪ್ಯಾರಸಿಟಮಾಲ್ ಸರಿ, ಅದೂ ಕೇಳಿ.

ತಂಗಿ, ದಾವಣಗೆರೆ:

ಎಲ್ಲರಿಗೂ ಧನ್ಯವಾದ. ಟೆಸ್ಟ್ ಬಿಟ್ವಿ, ತೂಕದ ಯಂತ್ರ ತರ್ತೀವಿ. ಒಂದೇ ಪ್ರಶ್ನೆ ಉಳೀತು, ಅಣ್ಣನೇ ಕೇಳಿಸ್ತಿದ್ದಾನೆ: ಬೆಣ್ಣೆ ದೋಸೆ? ಖಾರ ಮಂಡಕ್ಕಿ?

ಆಹಾರ ತಜ್ಞೆ, ದಾವಣಗೆರೆ:

ಈ ಊರಲ್ಲಿದ್ದು ಕೇಳದೇ ಇರ್ತಾರಾ! ದೋಸೆ ತಿಂಗಳಿಗೆ ಎರಡು ಸಲ, ಒಂದೊಂದೇ, ಕಾವಲಿಯಿಂದ ಇಳಿದ ಬಿಸಿಯಲ್ಲೇ. ಬೆಣ್ಣೆ ಒಂದು ಊಟದ ಚಮಚ ಅಂದರೆ 100 ಕ್ಯಾಲರಿ, ಹೋಟೆಲಿನಲ್ಲಿ ಎರಡು ಮೂರು ಬೀಳುತ್ತೆ, ಹಾಗಾಗಿ ಅರ್ಧ ಹಾಕಿ ಅಂತ ಮೊದಲೇ ಹೇಳಿ. ಹಸಿ ಕೊಬ್ಬರಿ ಚಟ್ನಿ, ಅಲ್ಲಿನ ನೀರು ಮುಟ್ಟಬಾರದು. ಮಂಡಕ್ಕಿ ಹಗುರ, 30 ಗ್ರಾಂಗೆ ಸುಮಾರು 120 ಕ್ಯಾಲರಿ. ತೊಂದರೆ ಗಾಡಿಯವರು ಹಾಕೋ ಹಸಿ ಈರುಳ್ಳಿ, ಕೊತ್ತಂಬರಿಯದ್ದು, ಪಕ್ಕದಲ್ಲಿ ಕರಿದಿಟ್ಟ ಮೆಣಸಿನಕಾಯಿಯದ್ದು. ಮನೆಯಲ್ಲೇ ಒಂದು ಚಮಚ ಎಣ್ಣೆ ಒಗ್ಗರಣೆಗೆ ಈರುಳ್ಳಿ ಬಾಡಿಸಿ, ಹುರಿಗಡಲೆ ಹಾಕಿ, ಉಪ್ಪು ಕಡಿಮೆ ಮಾಡಿ ಕಲಸಿಕೊಡಿ. ಮೆಣಸಿನಕಾಯಿ ಬಜ್ಜಿ ಈ ವರ್ಷ ಬೇಡ.