ಸಹಾಯ ಬೇಕು: ಅಪ್ಪನಿಗೆ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್), ನಾಲ್ಕನೇ ಹಂತ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61. ಗದ್ದೆಯಲ್ಲಿ ಬರಿಗಾಲಲ್ಲೇ ಓಡಾಡಿದವರು. ಹಿಮ್ಮಡಿಯ ಕಪ್ಪು ಕಲೆಯನ್ನು ಆಣಿ ಅಂದುಕೊಂಡು ಎರಡು ವರ್ಷ ಪಟ್ಟಿ ಹಚ್ಚಿದೆವು. ಬಯಾಪ್ಸಿಯಲ್ಲಿ ಮೆಲನೋಮ ಅಂತ ಬಂತು. ಈಗ ತೊಡೆಸಂದಿನ ಗಂಟು ದಾಟಿ ಶ್ವಾಸಕೋಶಕ್ಕೂ ಹೋಗಿದೆ. (ನಮ್ಮಂಥ ಮೈಬಣ್ಣದವರಿಗೆ ಅಂಗಾಲು, ಉಗುರಿನಡಿಯಲ್ಲೇ ಹೆಚ್ಚಾಗಿ ಬರುತ್ತದಂತೆ, ಯಾರಿಗೆ ಗೊತ್ತಿತ್ತು!)

ಡಾಕ್ಟರು ನಿವೊಲುಮ್ಯಾಬ್ ಅನ್ನೋ ಔಷಧಿಯ ಇಮ್ಯುನೊಥೆರಪಿ (ದೇಹದ ರೋಗನಿರೋಧಕ ಶಕ್ತಿಯೇ ಕ್ಯಾನ್ಸರ್ ವಿರುದ್ಧ ಹೋರಾಡುವಂತೆ ಮಾಡುವ ಚಿಕಿತ್ಸೆ) ಹೇಳಿದ್ದಾರೆ, ಎರಡು ವಾರಕ್ಕೊಮ್ಮೆ ಡ್ರಿಪ್. ಇದನ್ನು ತಗೊಂಡವರ ಮನೆಯವರು ಯಾರಾದರೂ ಇದ್ದೀರಾ? ಅದರ ಅಡ್ಡಪರಿಣಾಮವಾಗಿ ಭೇದಿ, ಥೈರಾಯ್ಡ್ ತೊಂದರೆ ಬಂದಾಗ ಹೇಗೆ ನಿಭಾಯಿಸಿದಿರಿ? ಆಯುಷ್ಮಾನ್ ಕಾರ್ಡ್‌ನಲ್ಲಿ ಈ ಔಷಧಿಗೆ ಏನಾದರೂ ಸಿಕ್ಕಿತಾ? ಬೆಂಗಳೂರಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಹತ್ತಿರ ಕಡಿಮೆ ದುಡ್ಡಿಗೆ ಉಳಿಯೋ ಜಾಗ ಗೊತ್ತಿದ್ದರೂ ಹೇಳಿ.

ಅಮ್ಮನಿಗೆ ಇನ್ನೂ ಪೂರ್ತಿ ಹೇಳಿಲ್ಲ. ನೀವೆಲ್ಲ ಮನೆಯಲ್ಲಿ ಹೇಗೆ ಹೇಳಿದಿರಿ? ನಾಟಿ ಔಷಧಿ ಸಲಹೆ ಮಾತ್ರ ದಯವಿಟ್ಟು ಬೇಡ, ನೆಂಟರಿಂದ ಸಾಕಷ್ಟು ಬಂದಿದೆ.