ಒಂದೇ ಓದು, ಒಂದೇ ಅನುಭವ. ಸಂಬಳ ಮಾತ್ರ ಯಾಕೆ ಬೇರೆ?

ಪ್ರಶ್ನೆ: ಸರ್, ನಾನೂ ನನ್ನ ಗೆಳತಿಯೂ ಒಟ್ಟಿಗೆ ಓದಿದವರು. ಇಬ್ಬರಿಗೂ ಆರು ವರ್ಷದ ಅನುಭವ. ಅವಳ ಕಂಪನಿಯಲ್ಲಿ ಸಂಬಳ ಜಾಸ್ತಿ, ತರಬೇತಿಯೂ ಕೊಡುತ್ತಾರೆ. ನಮ್ಮ ಮ್ಯಾನೇಜರ್ ಮಾತ್ರ "ಕಲಿಸಿದರೆ ಬಿಟ್ಟು ಹೋಗ್ತೀರಿ" ಅನ್ನುತ್ತಾರೆ. ಕೊರತೆ ನನ್ನಲ್ಲೇ ಇದೆಯಾ?

ಉತ್ತರ (ಕಾರ್ಮಿಕ ಅರ್ಥಶಾಸ್ತ್ರದ ಮೇಷ್ಟ್ರು): ಹಾಗೇನಿಲ್ಲ ಮೇಡಂ. 1999ರಲ್ಲಿ ಅಬೌಡ್, ಕ್ರಮಾರ್ಜ್, ಮಾರ್ಗೊಲಿಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಫ್ರಾನ್ಸಿನ ದಾಖಲೆಗಳಲ್ಲಿ ಇದನ್ನೇ ಅಳೆದರು. ಒಬ್ಬ ಕೆಲಸಗಾರ ಕಂಪನಿ ಬದಲಿಸಿದಾಗ ಸಂಬಳ ಏನಾಗುತ್ತದೆ ಅಂತ ನೋಡಿದರು. ಮನುಷ್ಯ ಅದೇ, ಕೆಲಸ ಅದೇ, ಬದಲಾದದ್ದು ಕಂಪನಿ ಅಷ್ಟೇ ಅಲ್ವಾ? ಸಂಬಳದ ವ್ಯತ್ಯಾಸದಲ್ಲಿ ವ್ಯಕ್ತಿಯ ಪಾಲೇ ದೊಡ್ಡದು ಅಂತ ಬಂತು, ನಿಜ. ಆದರೆ ಕಂಪನಿಯ ಪಾಲೂ ಇತ್ತು.

ಅಮೆರಿಕದಲ್ಲಿ 1978ರಿಂದ 2013ರವರೆಗೆ ಗಳಿಕೆಯ ಅಂತರ ಹೆಚ್ಚಿತು. ಆ ಹೆಚ್ಚಳದ ಸುಮಾರು ಮೂರನೇ ಎರಡು ಭಾಗ ಕಂಪನಿ ಕಂಪನಿಗಳ ನಡುವಿನದು. ಚೆನ್ನಾಗಿ ಗಳಿಸುವವರೆಲ್ಲ ಚೆನ್ನಾಗಿ ಕೊಡುವ ಕಡೆಯೇ ಸೇರಿಕೊಂಡದ್ದು ಇದಕ್ಕೆ ಒಂದು ಮುಖ್ಯ ಕಾರಣ. ಜರ್ಮನಿಯಲ್ಲಿ ಅಡುಗೆ, ಸ್ವಚ್ಛತೆ, ಕಾವಲು ಕೆಲಸಗಳನ್ನು ಹೊರಗುತ್ತಿಗೆಗೆ ಕೊಟ್ಟಾಗ ಅದೇ ಕೆಲಸಗಾರರ ಸಂಬಳ ಇಳಿಯಿತು.

ಇನ್ನು ನಿಮ್ಮ ಮ್ಯಾನೇಜರ್ ಮಾತು. ಅದು ಹಳೆಯ ವಾದ. ಎಲ್ಲ ಕಡೆಯೂ ಉಪಯೋಗಕ್ಕೆ ಬರುವ ಕೌಶಲಕ್ಕೆ ಮಾಲೀಕ ಯಾಕೆ ದುಡ್ಡು ಹಾಕಬೇಕು, ಕಲಿಯುವವನೇ ಕಡಿಮೆ ಸಂಬಳ ಪಡೆದು ಆ ಖರ್ಚು ಹೊರುತ್ತಾನೆ ಅಂತ 1964ರಲ್ಲೇ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಹೇಳಿದ್ದರು. ಆದರೆ ಜರ್ಮನಿಯ ಎಷ್ಟೋ ಕಂಪನಿಗಳು ಅಪ್ರೆಂಟಿಸ್‌ಗಳಿಗೆ ಕೈಯಿಂದ ಖರ್ಚು ಮಾಡಿ ಕಲಿಸುತ್ತವೆ. ಧರ್ಮಕ್ಕಲ್ಲ! ಕಲಿತವನ ದುಡಿಮೆ ಏರಿದಷ್ಟು ಸಂಬಳ ಏರದಿದ್ದರೆ ಮಿಕ್ಕಿದ್ದು ಕಂಪನಿಗೇ ಉಳಿಯುತ್ತದೆ. ಇದನ್ನು ಬಿಡಿಸಿ ತೋರಿಸಿದವರು ಅಸೆಮೊಗ್ಲು ಮತ್ತು ಪಿಷ್ಕೆ ಎಂಬ ಅರ್ಥಶಾಸ್ತ್ರಜ್ಞರು.

ಪ್ರಶ್ನೆ: ಹಾಗಾದರೆ ಗೆಳತಿಯ ಹತ್ತಿರ ಎರಡು ವರ್ಷದ ಬಾಂಡ್ ಬರೆಸಿಕೊಂಡದ್ದು?

ಉತ್ತರ: ಅದೂ ಇದೇ ಲೆಕ್ಕ. ಬಿಟ್ಟು ಹೋಗುವುದು ಕಷ್ಟವಾದಷ್ಟೂ ಸಂಬಳ ಏರಿಸುವ ಒತ್ತಡ ಕಡಿಮೆ. ಬಾಂಡ್ ಮೊತ್ತ ತರಬೇತಿಯ ನಿಜವಾದ ಖರ್ಚಿಗೆ ಹತ್ತಿರ ಇದೆಯಾ, ತಿಂಗಳು ಕಳೆದಂತೆ ಇಳಿಯುತ್ತದೆಯಾ ನೋಡಲಿ. ಎರಡೂ ಇಲ್ಲದಿದ್ದರೆ ಅದು ಸುಮ್ನೆ ಕಟ್ಟಿಹಾಕುವ ಹಗ್ಗ.

ಪ್ರಶ್ನೆ: ನಾನೇನು ಕೇಳಲಿ?

ಉತ್ತರ: ತರಬೇತಿ ಸಿಕ್ಕರೆ ಸರ್ಟಿಫಿಕೇಟ್ ಕೇಳಿ. ನೀವು ಕಲಿತದ್ದು ಬೇರೆ ಮಾಲೀಕರ ಕಣ್ಣಿಗೆ ಬೀಳದಿದ್ದರೆ ಅದರ ಬೆಲೆ ಈಗಿನ ಮಾಲೀಕರಿಗೆ ಮಾತ್ರ ಗೊತ್ತು.

ಪ್ರಶ್ನೆ: ಕೇಳಿದ್ದೆ ಸರ್. "ಅದೆಲ್ಲ ಯಾಕೆ" ಅಂದರು.

ಉತ್ತರ: ಯಾಕೆ ಅಂತ ಅವರಿಗೆ ಚೆನ್ನಾಗಿ ಗೊತ್ತು.